ಮಾತ್ರೆ ಕೊಟ್ಟ ಹೊತ್ತು, ತೊಂದರೆ ಬಂದ ಹೊತ್ತು

ಓದುಗರ ಪ್ರಶ್ನೆ, ತಜ್ಞರ ಉತ್ತರ

ಗಮನ ನಿಲ್ಲದ, ಕೂತಲ್ಲಿ ಕೂರಲಾಗದ ಮಕ್ಕಳ ತೊಂದರೆ ಎಡಿಎಚ್‌ಡಿ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆವು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಬಹುತೇಕ ಎಲ್ಲರೂ ಕೇಳಿರುವುದು ಒಂದೇ: ಮಾತ್ರೆ ಶುರುವಾದ ಮೇಲೆ ತಲೆನೋವು, ಸಿಡಿಮಿಡಿ, ಕಣ್ಣು ಮಿಟುಕು, ನಿದ್ದೆಗೇಡು. ಇದು ಮಿದುಳಿಗೆ ಆಗುತ್ತಿರುವ ಹಾನಿಯೇ? ಮಾತ್ರೆ ನಿಲ್ಲಿಸಬೇಕೇ? ಮಕ್ಕಳ ಮನೋವೈದ್ಯರು ಮತ್ತು ಔಷಧತಜ್ಞರು ಸೇರಿ ಇಲ್ಲಿ ಉತ್ತರಿಸಿದ್ದಾರೆ.

ಮೊದಲು ಎಲ್ಲ ಉತ್ತರಗಳಿಗೂ ಬೇಕಾದ ನಾಲ್ಕು ಮಾತು. ನಮ್ಮಲ್ಲಿ ಈ ತೊಂದರೆಗೆ ಬರೆಯುವ ಉತ್ತೇಜಕ ಔಷಧ ಮೀಥೈಲ್‌ಫೆನಿಡೇಟ್. ಮಿದುಳಿನ ನರಕೋಶಗಳು ಡೋಪಮೈನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳನ್ನು ಹೊರಬಿಟ್ಟು ಮತ್ತೆ ಒಳಕ್ಕೆ ಎಳೆದುಕೊಳ್ಳುತ್ತವೆ. ಈ ಔಷಧ ಆ ಎಳೆತವನ್ನು ತಡೆಯುತ್ತದೆ. ಕೆರೆಯ ತೂಬು ಅರ್ಧ ಮುಚ್ಚಿದರೆ ನೀರು ನಿಲ್ಲುವ ಹಾಗೆ, ಆ ರಾಸಾಯನಿಕಗಳು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತವೆ, ಗಮನವೂ ನಿಲ್ಲುತ್ತದೆ. ಸಾದಾ ಮಾತ್ರೆ ಸುಮಾರು ಅರ್ಧ ಗಂಟೆಯಲ್ಲಿ ಕೆಲಸ ಶುರುಮಾಡಿ, ಎರಡು ಗಂಟೆಯ ಹೊತ್ತಿಗೆ ರಕ್ತದಲ್ಲಿ ತುತ್ತತುದಿಗೇರಿ, ಮೂರ್ನಾಲ್ಕು ಗಂಟೆಯಲ್ಲಿ ಇಳಿಯುತ್ತದೆ. ನಿಧಾನವಾಗಿ ಬಿಡುವ ಎಸ್‌ಆರ್ ಅಥವಾ ಇಆರ್ ಮಾತ್ರೆ, ತಯಾರಿಕೆಯನ್ನು ಅವಲಂಬಿಸಿ, 8ರಿಂದ 12 ಗಂಟೆ ಎಳೆಯುತ್ತದೆ. ಈ ಲೆಕ್ಕ ಗೊತ್ತಿದ್ದರೆ ಅರ್ಧ ಉತ್ತರ ಮನೆಯಲ್ಲೇ ಸಿಗುತ್ತದೆ. ಅದಕ್ಕೇ ಎಲ್ಲ ತಂದೆತಾಯಿಯರಲ್ಲಿ ನಮ್ಮದೊಂದು ಬಿನ್ನಹ: ಒಂದು ನೋಟ್‌ಬುಕ್ ಇಡಿ. ಮಾತ್ರೆ ಎಷ್ಟು ಗಂಟೆಗೆ, ಎಷ್ಟು ಮಿಲಿಗ್ರಾಂ, ಮಗು ಏನು ತಿಂದಿತು, ತೊಂದರೆ ಎಷ್ಟು ಗಂಟೆಗೆ ಶುರುವಾಗಿ ಯಾವಾಗ ಹೋಯಿತು, ರಾತ್ರಿ ಎಷ್ಟು ಹೊತ್ತಿಗೆ ನಿದ್ದೆ ಬಂತು, ಇಷ್ಟೇ. ಎರಡು ವಾರದ ಇಂಥ ಪುಟಗಳು ಡಾಕ್ಟರಿಗೆ ಸ್ಕ್ಯಾನ್‌ಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಪ್ರಶ್ನೆ: ಮಗನಿಗೆ 8 ವರ್ಷ, ತೂಕ 22 ಕೆ.ಜಿ. ಬೆಳಿಗ್ಗೆ 8ಕ್ಕೆ 5 ಮಿ.ಗ್ರಾಂ, ಮಧ್ಯಾಹ್ನ 12:30ಕ್ಕೆ 5 ಮಿ.ಗ್ರಾಂ ಕೊಡುತ್ತಿದ್ದೇವೆ. ಎರಡು ವಾರದಿಂದ 11 ಗಂಟೆ ಹೊತ್ತಿಗೆ ತಲೆನೋವು ಅಂತಾನೆ. ಸ್ಕ್ಯಾನ್ ಮಾಡಿಸಬೇಕಾ? – ಒಬ್ಬ ತಾಯಿ, ಗುಬ್ಬಿ

ಉತ್ತರ: ಹೊತ್ತು ಬರೆದದ್ದು ತುಂಬ ಒಳ್ಳೆಯದಾಯಿತಮ್ಮ. 8ಕ್ಕೆ ಕೊಟ್ಟ ಮಾತ್ರೆ 10ರ ಸುಮಾರಿಗೆ ತುದಿಗೇರಿ 11ರಿಂದ ಇಳಿಯತೊಡಗುತ್ತದೆ. ಮಾತ್ರೆ ಹಸಿವನ್ನು ಅಡಗಿಸಿರುವುದರಿಂದ ಮಗು ಬೆಳಿಗ್ಗೆ ಎರಡು ತುತ್ತು ತಿಂದು, ನೀರೂ ಕುಡಿಯದೆ ಆ ಹೊತ್ತು ಮುಟ್ಟಿರುತ್ತದೆ. ಮೊದಲ ವಾರಗಳ ತಲೆನೋವಿಗೆ ಈ ಖಾಲಿ ಹೊಟ್ಟೆ, ಒಣಗಿದ ಬಾಯಿ ದೊಡ್ಡ ಕಾರಣ. ಔಷಧದ ನೇರ ಪರಿಣಾಮವಾಗಿಯೂ ತಲೆನೋವು ಬರುವುದುಂಟು. ಮೈ ಒಗ್ಗಿಕೊಂಡಂತೆ ಹೆಚ್ಚಿನ ಮಕ್ಕಳಲ್ಲಿ ಅದು ತಾನಾಗಿ ಹೋಗುತ್ತದೆ.

ಮಾತ್ರೆಯನ್ನು ತಿಂಡಿಗೆ ಮೊದಲು ಕೊಡುತ್ತಿದ್ದರೆ ಇನ್ನು ಮೇಲೆ ತಿಂಡಿಯ ಜೊತೆ ಅಥವಾ ಮುಗಿದ ಕೂಡಲೇ ಕೊಡಿ. ಊಟದ ಜೊತೆ ಕೊಟ್ಟರೆ ಔಷಧ ವ್ಯರ್ಥವಾಗುವುದಿಲ್ಲ. ತಿಂಡಿ ಗಟ್ಟಿಯಾಗಿರಲಿ: ರಾಗಿ ರೊಟ್ಟಿ, ಶೇಂಗಾ ಚಟ್ನಿ, ಒಂದು ಮೊಟ್ಟೆ ಅಥವಾ ಒಂದು ಲೋಟ ಹಾಲು. ಬರೀ ಕಾಫಿ ಬಿಸ್ಕತ್ತು ಸಾಲದು, ಕಾಫಿಯಂತೂ ಬೇಡವೇ ಬೇಡ. ಕೆಫೀನ್ ಕೂಡ ಉತ್ತೇಜಕವೇ. 10:30ರ ಬಿಡುವಿನಲ್ಲಿ ಬಾಟಲಿಯ ನೀರು ಪೂರ್ತಿ ಕುಡಿಯುವಂತೆ ಮೇಷ್ಟ್ರಿಗೆ ಹೇಳಿಡಿ, ಒಂದು ಚಿಕ್ಕಿ ಕಟ್ಟಿ ಕಳಿಸಿ. ಇಷ್ಟು ಮಾಡಿಯೂ ನೋವು ಬಂದ ದಿನ 250 ಮಿ.ಗ್ರಾಂ ಪ್ಯಾರಾಸಿಟಮಾಲ್ ಕೊಡಬಹುದು. 22 ಕೆ.ಜಿ. ಮಗುವಿಗೆ ಅದು ಸರಿಯಾದ ಅಳತೆ (ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ). ಸಿರಪ್ಪಾದರೆ 5 ಮಿ.ಲೀ.ಯಲ್ಲಿ ಎಷ್ಟು ಮಿ.ಗ್ರಾಂ ಇದೆ ಅಂತ ಲೇಬಲ್ ಓದಿ, 125 ಇರುವುದೂ 250 ಇರುವುದೂ ಅಂಗಡಿಯಲ್ಲಿವೆ. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಕಾದರೆ ಡಾಕ್ಟರಿಗೆ ಹೇಳಿ.

ಒಂದು ಸಲ ಬಿಪಿ ನೋಡಿಸಿ. ಈ ಔಷಧ ಸಾಮಾನ್ಯವಾಗಿ ಬಿಪಿಯನ್ನು 2ರಿಂದ 4 ಅಂಕ, ನಾಡಿಯನ್ನು ನಿಮಿಷಕ್ಕೆ 3ರಿಂದ 6 ಬಡಿತ ಏರಿಸುತ್ತದೆ, ಅದರಿಂದ ಅಪಾಯವಿಲ್ಲ. ಆದರೆ ಕೆಲವು ಮಕ್ಕಳಲ್ಲಿ ಅದಕ್ಕಿಂತ ಹೆಚ್ಚು ಏರುತ್ತದೆ, ಅದು ತಲೆನೋವಾಗಿ ಕಾಣುತ್ತದೆ. ತೋಳಿಗೆ ಸುತ್ತುವ ಪಟ್ಟಿ ಮಕ್ಕಳ ಅಳತೆಯದೇ ಇರಬೇಕು. ದೊಡ್ಡವರ ಪಟ್ಟಿ ಸುತ್ತಿದರೆ ನಿಜವಾದ ಬಿಪಿಗಿಂತ ಕಡಿಮೆ ತೋರಿಸುತ್ತದೆ.

ಸ್ಕ್ಯಾನ್ ಈಗ ಬೇಡ. ಬೇಕಾಗುವುದು ಬೇರೆ ಥರದ ತಲೆನೋವಿಗೆ: ಬೆಳಿಗ್ಗೆ ಏಳುವಾಗಲೇ ಇರುವುದು, ನಿದ್ದೆಯಿಂದ ಎಬ್ಬಿಸುವುದು, ವಾಂತಿಯ ಜೊತೆ ಬರುವುದು, ಎರಡೆರಡು ಕಾಣುವುದು, ನಡೆ ವಾಲುವುದು, ಒಂದು ಕಡೆ ಕೈಕಾಲು ಸೋಲುವುದು. ಸಾದಾ ಮಾತ್ರೆಯ ಮಧ್ಯಾಹ್ನದ ಪಾಲು ರಾತ್ರಿಯಷ್ಟೊತ್ತಿಗೆ ಬಹುಪಾಲು ಇಳಿದುಹೋಗಿರುತ್ತದೆ. ಹಾಗಾಗಿ ನಸುಕಿನ ತಲೆನೋವನ್ನು ಮಾತ್ರೆಯ ತಲೆಗೆ ಕಟ್ಟಿ ಸುಮ್ಮನಿರಬೇಡಿ.

ಚರಿತ್ರೆಯ ಒಂದು ಸಂಗತಿ ಇಲ್ಲಿ ಹೇಳಬೇಕು. ಈ ಗುಂಪಿನ ಔಷಧ ಮಕ್ಕಳ ವರ್ತನೆಗೆ ಬಂದದ್ದೇ ತಲೆನೋವಿನ ದಾರಿಯಲ್ಲಿ. ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಡಾ. ಚಾರ್ಲ್ಸ್ ಬ್ರ್ಯಾಡ್ಲಿ, ಬೆನ್ನಿನ ದ್ರವ ತೆಗೆದು ಮಾಡುವ ಪರೀಕ್ಷೆಯ ನಂತರ ಮಕ್ಕಳಿಗೆ ಬರುತ್ತಿದ್ದ ತಲೆನೋವಿಗೆಂದು ಬೆಂಜೆಡ್ರಿನ್ ಎಂಬ ಆಂಫೆಟಮೈನ್ ಉತ್ತೇಜಕ ಕೊಟ್ಟರು. ತಲೆನೋವು ಹೋಗಲಿಲ್ಲ, ಪಾಠದಲ್ಲಿ ಮಕ್ಕಳ ಮನಸ್ಸು ನಿಂತಿತು. ಅವರು ಅದನ್ನು ಪ್ರಕಟಿಸಿದ್ದು 1937ರಲ್ಲಿ. ಮೀಥೈಲ್‌ಫೆನಿಡೇಟ್ ಸ್ವಿಟ್ಜರ್ಲೆಂಡಿನಲ್ಲಿ ತಯಾರಾದದ್ದು 1944ರಲ್ಲಿ. ಇವು ನೆನ್ನೆ ಮೊನ್ನೆ ಬಂದ ಔಷಧಗಳಲ್ಲ. ಇವುಗಳ ಒಳ್ಳೆಯದು ಕೆಟ್ಟದ್ದನ್ನು ವೈದ್ಯರು ಬಹುಕಾಲದಿಂದ ನೋಡುತ್ತ ಬಂದಿದ್ದಾರೆ.

ಪ್ರಶ್ನೆ: ಶಾಲೆಯಲ್ಲಿ ತುಂಬಾ ಒಳ್ಳೆಯವನಾಗಿದ್ದಾನೆ ಅಂತ ಟೀಚರ್ ಹೊಗಳುತ್ತಾರೆ. ಮನೆಗೆ ಬಂದು 5 ಗಂಟೆ ಆಯಿತೆಂದರೆ ರಂಪ, ಅಳು, ತಂಗಿಗೆ ಹೊಡೆಯೋದು. ಮಾತ್ರೆಗೆ ಮೊದಲು ಇಷ್ಟು ಇರಲಿಲ್ಲ. ಮಾತ್ರೆಯೇ ಅವನನ್ನು ಕೆಡಿಸುತ್ತಿದೆಯಾ? – ರೇಷ್ಮೆ ರೀಲಿಂಗ್ ಕೆಲಸದ ಕುಟುಂಬ, ಶಿಡ್ಲಘಟ್ಟ

ಉತ್ತರ: ಮಧ್ಯಾಹ್ನದ ಮಾತ್ರೆ ಇಳಿಯುವ ಹೊತ್ತು ಅದು. ಔಷಧದ ಮಟ್ಟ ಬೇಗ ಬಿದ್ದಾಗ, ಮೊದಲಿದ್ದ ಚಡಪಡಿಕೆ ಕೆಲವು ಮಕ್ಕಳಲ್ಲಿ ಮೊದಲಿಗಿಂತ ಜೋರಾಗಿ ಅರ್ಧ ಗಂಟೆಯಿಂದ ಒಂದೆರಡು ಗಂಟೆ ಮರಳುತ್ತದೆ. ವೈದ್ಯರು ಇದನ್ನು ರೀಬೌಂಡ್ ಅನ್ನುತ್ತಾರೆ. ಮಗು ಬೇಕಂತ ಮಾಡುತ್ತಿಲ್ಲ, ಅದರ ಕೈಯಲ್ಲೂ ಅದಿಲ್ಲ. ದಯವಿಟ್ಟು ಆ ಹೊತ್ತಿನಲ್ಲಿ ಹೊಡೆಯಬೇಡಿ, ಬೈಯಬೇಡಿ.

ಸಿಡಿಮಿಡಿ ಯಾವ ಹೊತ್ತಿನದು ಎಂಬುದರ ಮೇಲೆ ಕಾರಣ ಬದಲಾಗುತ್ತದೆ. ಬೆಳಿಗ್ಗೆ 9:30ರಿಂದ 11ರೊಳಗೆ, ಅಂದರೆ ಮಾತ್ರೆ ತುದಿಯಲ್ಲಿರುವಾಗ, ಮಗು ಅಳುಬುರುಕನಾದರೆ ಪ್ರಮಾಣ ಹೆಚ್ಚಾಗಿರಬೇಕು ಅಥವಾ ಆ ಔಷಧ ಆ ಮಗುವಿಗೆ ಒಗ್ಗುತ್ತಿಲ್ಲ. ಸಂಜೆ ಮಾತ್ರ ಆದರೆ ರೀಬೌಂಡ್. ಮಾತ್ರೆ ಕೊಡದ ಭಾನುವಾರವೂ ಇಡೀ ದಿನ ಹಾಗೇ ಇದ್ದರೆ ಬೇರೆ ಕಾರಣ ಹುಡುಕಬೇಕು: ಕಲಿಕೆಯ ತೊಂದರೆ, ಆತಂಕ, ನಿದ್ದೆಯ ಕೊರತೆ, ಶಾಲೆಯಲ್ಲಿ ಯಾರೋ ಪೀಡಿಸುತ್ತಿರುವುದು. ಮೊದಲನೆಯದಕ್ಕೆ ಪ್ರಮಾಣ ಇಳಿಸುತ್ತಾರೆ, ಎರಡನೆಯದಕ್ಕೆ ಕೆಲವೊಮ್ಮೆ ಒಂದು ಪುಟ್ಟ ಪಾಲು ಸೇರಿಸುತ್ತಾರೆ. ಚಿಕಿತ್ಸೆ ತದ್ವಿರುದ್ಧವಾದ್ದರಿಂದ ಹೊತ್ತು ನೋಡದೆ ಊಹಿಸಿದರೆ ತೊಂದರೆ ಇಮ್ಮಡಿಯಾಗುತ್ತದೆ.

ಮನೆಯಲ್ಲಿ ಮಾಡಬೇಕಾದ್ದು: ಶಾಲೆಯಿಂದ ಬಂದ ಕೂಡಲೇ, ರಂಪ ಶುರುವಾಗುವ ಮೊದಲೇ, ಹೊಟ್ಟೆ ತುಂಬಿಸಿ. ಹಸಿವು ಮರಳುವ ಹೊತ್ತೂ ಅದೇ. ಅವರೆಕಾಳು ಉಪ್ಪಿಟ್ಟು, ಬಾಳೆಹಣ್ಣು, ಹುರಿದ ಶೇಂಗಾ, ಏನಿದ್ದರೂ ಸರಿ. ಆಮೇಲೆ ಮುಕ್ಕಾಲು ಗಂಟೆ ಓಡಾಡುವ ಆಟ. ಹೋಮ್‌ವರ್ಕು, ಟ್ಯೂಷನ್ನು, ಅಂಗಡಿಗೆ ಓಡಿಸುವುದು ಆ ಹೊತ್ತಿಗೆ ಬೇಡ. ಮನೆಯಲ್ಲಿ ರೀಲಿಂಗ್ ನಡೆಯುತ್ತಿದ್ದರೆ ಕುದಿಯುವ ಬಾಣಲೆ, ತಿರುಗುವ ಯಂತ್ರ ಇರುವ ಕಡೆಗೆ ಆ ಹೊತ್ತಿನಲ್ಲಿ ಬಿಡಲೇಬೇಡಿ, ದುಡುಕು ಹೆಚ್ಚಿರುತ್ತದೆ. ಎರಡು ವಾರ ಹೀಗೆ ನಡೆಸಿಯೂ ಕಡಿಮೆಯಾಗದಿದ್ದರೆ ಡಾಕ್ಟರು ಸಾದಾ ಮಾತ್ರೆಯ ಬದಲು ನಿಧಾನವಾಗಿ ಬಿಡುವ ಮಾತ್ರೆ ಕೊಡಬಹುದು. ಅಥವಾ ಮಧ್ಯಾಹ್ನದ ಪಾಲು ಪೂರ್ತಿ ಇಳಿಯುವ ಮೊದಲು 2.5ರಿಂದ 5 ಮಿ.ಗ್ರಾಂ ಸೇರಿಸಬಹುದು. ನಿಧಾನವಾಗಿ ಬಿಡುವ ಮಾತ್ರೆಯನ್ನು ಜಗಿಯಲು, ಪುಡಿಮಾಡಿ ಜೇನಿನಲ್ಲಿ ಕಲಸಲು ಬಿಡಬೇಡಿ. ಇಡೀ ದಿನದ ಔಷಧ ಒಂದೇ ಸಲ ರಕ್ತಕ್ಕಿಳಿದು ಎದೆಬಡಿತ, ನಡುಕ, ಗಾಬರಿ ತರುತ್ತದೆ.

ಪ್ರಶ್ನೆ: ಮಗನಿಗೆ 9 ವರ್ಷ. ಮಾತ್ರೆ ಶುರುವಾಗಿ ಒಂದೂವರೆ ತಿಂಗಳಿಗೆ ಕಣ್ಣು ಪಟಪಟ ಮಿಟುಕಿಸೋದು, ಗಂಟಲಲ್ಲಿ ‘ಹುಂ ಹುಂ’ ಅನ್ನೋದು ಬಂದಿದೆ. ಅಜ್ಜಿ ದೃಷ್ಟಿ ತೆಗೆಸಿದರು. ಇಂಟರ್‌ನೆಟ್‌ನಲ್ಲಿ ‘ಈ ಮಾತ್ರೆ ಟಿಕ್ಸ್ ತರುತ್ತದೆ’ ಅಂತಿದೆ. – ಒಬ್ಬ ತಂದೆ, ಶಿರಾ

ಉತ್ತರ: ಟಿಕ್ಸ್ ಅಂದರೆ ಹೀಗೆ ತಾನಾಗಿ ಮತ್ತೆ ಮತ್ತೆ ಬರುವ ಮಿಟುಕು, ಸದ್ದು. ಅದನ್ನು ಈ ಮಾತ್ರೆ ತರುತ್ತದೆ ಅಂತ ಬಹಳ ವರ್ಷ ವೈದ್ಯರೂ ಅಂದುಕೊಂಡಿದ್ದರು. ಔಷಧದ ಪೊಟ್ಟಣದೊಳಗಿನ ಚೀಟಿಯಲ್ಲಿ ಎಚ್ಚರಿಕೆ ಇದ್ದದ್ದರಿಂದ, ಟಿಕ್ಸ್ ಇದ್ದ ಮಕ್ಕಳಿಗೆ ಈ ಮಾತ್ರೆ ಕೊಡಲೇ ಹಿಂಜರಿಯುತ್ತಿದ್ದರು. ಆದರೆ 2015ರಲ್ಲಿ 22 ಅಧ್ಯಯನಗಳ 2,385 ಮಕ್ಕಳ ವಿವರ ಒಟ್ಟು ಮಾಡಿ ನೋಡಿದಾಗ, ಹೊಸದಾಗಿ ಟಿಕ್ಸ್ ಬಂದದ್ದು ಅಥವಾ ಇದ್ದದ್ದು ಹೆಚ್ಚಿದ್ದು ಉತ್ತೇಜಕ ಔಷಧ ತೆಗೆದುಕೊಂಡವರಲ್ಲಿ ಶೇ. 5.7, ಔಷಧವೇ ಇಲ್ಲದ ಸುಳ್ಳು ಮಾತ್ರೆ ತೆಗೆದುಕೊಂಡವರಲ್ಲಿ ಶೇ. 6.5. ಅಂದರೆ ಒಟ್ಟಾರೆ ಮಕ್ಕಳಲ್ಲಿ ವ್ಯತ್ಯಾಸವಿಲ್ಲ.

ಹಾಗಾದರೆ ನಿಮ್ಮ ಮಗನಿಗೆ ಈಗಲೇ ಯಾಕೆ ಬಂತು? ಟಿಕ್ಸ್ ಸಾಮಾನ್ಯವಾಗಿ ತಲೆದೋರುವುದು 5ರಿಂದ 7ನೇ ವಯಸ್ಸಿನ ಸುಮಾರಿಗೆ, ಜೋರಾಗುವುದು 10ರಿಂದ 12ರ ಹೊತ್ತಿಗೆ. ಎಡಿಎಚ್‌ಡಿ ಪತ್ತೆಯಾಗಿ ಮಾತ್ರೆ ಶುರುವಾಗುವುದೂ ಅದೇ ವಯಸ್ಸಿನಲ್ಲಿ. ಎರಡೂ ತೊಂದರೆ ಒಂದೇ ಮಗುವಿನಲ್ಲಿ ಕೂಡಿರುವುದೂ ಸಾಮಾನ್ಯ. ಮೇಲಾಗಿ ಟಿಕ್ಸ್ ತಾನಾಗಿಯೇ ಕೆಲವು ವಾರ ಏರಿ ಕೆಲವು ವಾರ ಇಳಿಯುತ್ತದೆ. ಏರಿದ ವಾರ ಮಾತ್ರೆ ಹೆಚ್ಚಿಸಿದ್ದರೆ ಮಾತ್ರೆಯೇ ಕಾರಣ ಅನ್ನಿಸುತ್ತದೆ, ಇಳಿಯುವ ವಾರ ತಾಯತ ಕಟ್ಟಿದ್ದರೆ ತಾಯತದಿಂದ ಹೋಯಿತು ಅನ್ನಿಸುತ್ತದೆ. ಅಜ್ಜಿ ದೃಷ್ಟಿ ತೆಗೆದದ್ದರಿಂದ ಹಾನಿಯೇನಿಲ್ಲ.

ಸರಾಸರಿ ಲೆಕ್ಕ ಪ್ರತಿಯೊಂದು ಮಗುವಿಗೂ ಹೊಂದುವುದಿಲ್ಲ ಎಂಬುದೂ ನಿಜ. ಕೆಲವೇ ಮಕ್ಕಳಲ್ಲಿ, ಅದರಲ್ಲೂ ಪ್ರಮಾಣ ಹೆಚ್ಚಿದಾಗ, ಮಾತ್ರೆಯ ಜೊತೆ ಟಿಕ್ಸ್ ಏರುವುದನ್ನು ನೋಡುತ್ತೇವೆ. ಅದನ್ನು ತಿಳಿಯಲು ಪ್ರಮಾಣ ಬದಲಿಸದೆ ಮೂರ್ನಾಲ್ಕು ವಾರ ಬರೆದಿಡಿ. ದಿನಾ ಒಂದೇ ಹೊತ್ತಿಗೆ, ಮಗು ಟಿವಿ ನೋಡುವಾಗ, ಅದಕ್ಕೆ ತಿಳಿಯದಂತೆ ಮೊಬೈಲಿನಲ್ಲಿ ಎರಡು ನಿಮಿಷ ವಿಡಿಯೊ ಮಾಡಿ. ಕಣ್ಣಿನ ಅಲರ್ಜಿ, ಕನ್ನಡಕ ಬೇಕಾಗಿರುವುದು, ಮೂಗು ಸೋರಿ ಗಂಟಲಿಗಿಳಿಯುವುದು, ಇವುಗಳಿಂದಲೂ ಮಿಟುಕು, ಗಂಟಲ ಸದ್ದು ಬರುತ್ತವೆ. ಕಣ್ಣು, ಮೂಗು, ಗಂಟಲು ಒಮ್ಮೆ ತೋರಿಸಿ.

ಟಿಕ್ಸನ್ನು ಮಗು ಸ್ವಲ್ಪ ಹೊತ್ತು ತಡೆದುಕೊಳ್ಳಬಲ್ಲದು, ಆದರೆ ತಡೆಯುವಾಗ ಒಳಗೆ ಒತ್ತಡ ಅನ್ನಿಸುತ್ತದೆ. ‘ನಿಲ್ಸು, ನಿಲ್ಸು’ ಅನ್ನುವುದರಿಂದ ಹೆಚ್ಚೇ ಆಗುತ್ತದೆ. ಇದಕ್ಕೆ ಬದಲಾಗಿ ಮಾತಿನ ಮಧ್ಯೆ ಮಗು ತಟ್ಟನೆ ನಿಂತು, ಕರೆದರೂ ಓಗೊಡದೆ, ಹತ್ತಿಪ್ಪತ್ತು ಸೆಕೆಂಡು ಶೂನ್ಯ ನೋಡುತ್ತ ಕಣ್ಣೆವೆ ಅದುರಿಸಿದರೆ ಅದು ಒಂದು ಬಗೆಯ ಫಿಟ್ಸ್ ಇರಬಹುದು. ಮಿದುಳಿನ ವಿದ್ಯುತ್ ಅಲೆಗಳನ್ನು ನೋಡುವ ಇಇಜಿ ಪರೀಕ್ಷೆ ಮಾಡಿಸಬೇಕು.

ಮಿಟುಕಿನಿಂದ ಓದಿಗೆ ಅಡ್ಡಿಯಾಗದೆ, ಮಗುವಿಗೂ ನೋವಿಲ್ಲದೆ ಇದ್ದರೆ ಏನೂ ಬದಲಿಸಬೇಕಿಲ್ಲ. ಅಡ್ಡಿಯಾದರೆ ಪ್ರಮಾಣ ಇಳಿಸುವುದು, ಉತ್ತೇಜಕವಲ್ಲದ ಅಟೊಮಾಕ್ಸೆಟಿನ್‌ಗೆ ಬದಲಾಯಿಸುವುದು, ಟಿಕ್ಸ್ ಮತ್ತು ಚಡಪಡಿಕೆ ಎರಡಕ್ಕೂ ಸಹಾಯ ಮಾಡುವ ಕ್ಲೊನಿಡಿನ್ ಸೇರಿಸುವುದು, ಹೀಗೆ ದಾರಿಗಳಿವೆ. ಟಿಕ್ ಬರುವ ಮುನ್ಸೂಚನೆ ಗುರುತಿಸಿ ಅದಕ್ಕೆ ವಿರುದ್ಧವಾದ ಚಲನೆ ಮಾಡುವುದನ್ನು ಕಲಿಸುವ ವರ್ತನಾ ತರಬೇತಿಯೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗದಲ್ಲಿ ವಿಚಾರಿಸಿ.

ಪ್ರಶ್ನೆ: ಮೂರು ದಿನದಿಂದ ಮಗಳು (10) ‘ಕೈ ಮೇಲೆ ಇರುವೆ ಹರೀತಿದೆ, ತೆಗಿ’ ಅಂತ ಕೆರೆದುಕೊಳ್ಳುತ್ತಾಳೆ. ಇರುವೆ ಏನೂ ಇಲ್ಲ. ಹೋದ ವಾರ ಪ್ರಮಾಣ ಹೆಚ್ಚಿಸಿದ್ದರು. – ಒಬ್ಬ ತಾಯಿ, ಮಾಲೂರು

ಉತ್ತರ: ಈ ತಾಯಿಗೆ ಸಂಚಿಕೆ ಬರುವವರೆಗೆ ಕಾಯದೆ ಕೂಡಲೇ ಉತ್ತರಿಸಿದ್ದೇವೆ. ಉಳಿದವರಿಗೂ ಗೊತ್ತಿರಬೇಕಾದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಮುಂದಿನ ಮಾತ್ರೆ ಕೊಡಬೇಡಿ, ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ. ಇಲ್ಲದ ಹುಳ ಹರಿದಂತೆ ಅನ್ನಿಸುವುದು, ಕಾಣಿಸುವುದು ಈ ಗುಂಪಿನ ಔಷಧಗಳ ಅಪರೂಪದ, ಆದರೆ ದಾಖಲಾದ ಪರಿಣಾಮ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ವೈದ್ಯರು 2009ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮಕ್ಕಳಿಗೆ ಕಂಡ ಭ್ರಮೆಗಳಲ್ಲಿ ಹುಳ, ಹಾವಿನಂಥವು ಮತ್ತೆ ಮತ್ತೆ ಬಂದಿವೆ. ಮೊದಲು ಯಾವ ಮಾನಸಿಕ ತೊಂದರೆಯೂ ಇಲ್ಲದ ಮಕ್ಕಳಲ್ಲೂ ಇದು ಆಗಿದೆ. ಔಷಧ ನಿಲ್ಲಿಸಿದಾಗ ಹೋಗುವುದೇ ಸಾಮಾನ್ಯ. ‘ನಾಟಕ ಆಡ್ತಿದೀಯ’ ಅನ್ನಬೇಡಿ. ಅವಳಿಗೆ ಅದು ನಿಜವಾಗಿಯೇ ಅನ್ನಿಸುತ್ತಿದೆ, ಹೆದರಿರುತ್ತಾಳೆ. ಪಕ್ಕದಲ್ಲಿ ಕೂತು, ದೀಪ ಹಾಕಿ, ಕೈ ಹಿಡಿದುಕೊಳ್ಳಿ.

ಡಾಕ್ಟರ ಹತ್ತಿರ ಹೋಗುವಾಗ ಮಾತ್ರೆಯ ಪಟ್ಟಿಗಳನ್ನು ತೆಗೆದುಕೊಂಡು ಹೋಗಿ. ಮೊದಲು ಮಾತ್ರೆ ಎಣಿಸಿ, ತಪ್ಪಿ ಎರಡೆರಡು ಕೊಟ್ಟಿರುವ ಸಾಧ್ಯತೆ ಇದೆಯೇ ನೋಡಿ. ನೆಗಡಿಗೆ ಸಿರಪ್ ಕೊಟ್ಟಿದ್ದೀರಾ ನೆನಪಿಸಿಕೊಳ್ಳಿ. ನೆಗಡಿಯ ಔಷಧಗಳಲ್ಲಿರುವ ಫಿನೈಲ್‌ಎಫ್ರಿನ್ ಈ ಮಾತ್ರೆಯ ಜೊತೆ ಸೇರಿದರೆ ಬಿಪಿ, ಗಾಬರಿ ಹೆಚ್ಚುತ್ತದೆ. ಹೊಲದ ಬದುವಿನ ಉಮ್ಮತ್ತಿ ಕಾಯಿ ಬಾಯಿಗೆ ಹಾಕಿಕೊಂಡ ಮಕ್ಕಳೂ ಹೀಗೇ ಗಾಳಿಯಲ್ಲಿ ಹಿಡಿಯುತ್ತ ಬಡಬಡಿಸುತ್ತಾರೆ, ಅವರ ಕಣ್ಣಿನ ಪಾಪೆ ಅಗಲವಾಗಿ ಬಾಯಿ ಒಣಗಿರುತ್ತದೆ. ಬೆರಳ ಸಂದಿಯಲ್ಲಿ ಸಣ್ಣ ಗುಳ್ಳೆ ಇದ್ದು ರಾತ್ರಿ ತುರಿಕೆ ಹೆಚ್ಚಿದ್ದರೆ ಅದು ಬರೀ ಕಜ್ಜಿ, ಮಿದುಳಿಗೂ ಮಾತ್ರೆಗೂ ಸಂಬಂಧವಿಲ್ಲ. ಜ್ವರ, ಮೈ ಬಿಗಿತ, ಗೊಂದಲ, ಫಿಟ್ಸ್, ಎದೆಬಡಿತದ ಜೋರು, ಇವುಗಳಲ್ಲಿ ಒಂದಿದ್ದರೂ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಪ್ರಶ್ನೆ: ಟ್ಯೂಷನ್‌ಗೆ ಆಗಲಿ ಅಂತ ಸಂಜೆ 6ಕ್ಕೆ ಮೂರನೇ ಮಾತ್ರೆ ಕೊಡುತ್ತಿದ್ದೇವೆ. ರಾತ್ರಿ 12 ಆದರೂ ನಿದ್ದೆ ಇಲ್ಲ. ನಿದ್ದೆ ಮಾತ್ರೆ ಕೊಡಬಹುದಾ? – ಚಿಂತಾಮಣಿ

ಉತ್ತರ: ನಿದ್ದೆ ಮಾತ್ರೆ ಬೇಡ, 6 ಗಂಟೆಯ ಮಾತ್ರೆ ಬೇಡ. ಡಾಕ್ಟರು ಬರೆಯದೆ ನೀವೇ ಸೇರಿಸಿದ್ದರೆ ಇವತ್ತೇ ಬಿಡಿ. ಸಾದಾ ಮಾತ್ರೆಯ ಕೊನೆಯ ಪಾಲು ಮಧ್ಯಾಹ್ನ 2-3ರೊಳಗೆ ಮುಗಿಯುವುದು ಒಳ್ಳೆಯದು, ನಿಧಾನವಾಗಿ ಬಿಡುವುದನ್ನು ಬೆಳಿಗ್ಗೆ ಮಾತ್ರ ಕೊಡಬೇಕು. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ನಿದ್ದೆ ಕೆಟ್ಟ ಮಗು ಮರುದಿನ ಹೆಚ್ಚು ಚಡಪಡಿಸುತ್ತದೆ, ಅದನ್ನು ನೋಡಿ ಮಾತ್ರೆ ಹೆಚ್ಚಿಸುತ್ತಾರೆ, ನಿದ್ದೆ ಇನ್ನೂ ಕೆಡುತ್ತದೆ. ಟೊಮೊಟೊ, ಹೂವಿನ ಮಂಡಿಗೆ ನಸುಕಿಗೇ ಹೊರಡುವ ಮನೆಗಳಲ್ಲಿ ದೀಪ, ಸದ್ದು, ಓಡಾಟಕ್ಕೆ ಮಗುವೂ ಎದ್ದುಬಿಡುತ್ತದೆ. ಅದರ ಹಾಸಿಗೆಯನ್ನು ಹಿಂದಿನ ಕೋಣೆಗೆ ಹಾಕಿ. ಗೊರಕೆ ಹೊಡೆದು ಬಾಯಲ್ಲಿ ಉಸಿರಾಡುತ್ತಿದ್ದರೆ ಮೂಗಿನ ಹಿಂದಿನ ಗಡ್ಡೆ (ಅಡಿನಾಯ್ಡ್) ಊದಿದೆಯೇ ಎಂದು ಡಾಕ್ಟರಿಗೆ ತೋರಿಸಿ. ಮಲಗಿದಾಗ ಕಾಲು ಎಳೆಯುತ್ತದೆ, ಒದೆಯುತ್ತದೆ ಅಂದರೆ ರಕ್ತದಲ್ಲಿ ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ. ಇಷ್ಟಾದರೂ ನಿದ್ದೆ ಬಾರದಿದ್ದರೆ ಡಾಕ್ಟರು ಸಣ್ಣ ಪ್ರಮಾಣದ ಮೆಲಟೋನಿನ್ ಯೋಚಿಸಬಹುದು.

ಪ್ರಶ್ನೆ: ಮಗುವಿಗೆ ಮೊದಲೇ ಫಿಟ್ಸ್ ಕಾಯಿಲೆ ಇದೆ, ಗಾರ್ಡಿನಾಲ್ ಕೊಡುತ್ತಿದ್ದೇವೆ, ಎರಡು ವರ್ಷದಿಂದ ಫಿಟ್ಸ್ ಇಲ್ಲ. ಈಗ ಏಕಾಗ್ರತೆಗೆ ಮಾತ್ರೆ ಬರೆದಿದ್ದಾರೆ. ಫಿಟ್ಸ್ ಮತ್ತೆ ಬರುತ್ತಾ? – ಬಂಗಾರಪೇಟೆ

ಉತ್ತರ: ಫಿಟ್ಸ್ ಹತೋಟಿಯಲ್ಲಿರುವ ಮಕ್ಕಳಿಗೆ ಮೀಥೈಲ್‌ಫೆನಿಡೇಟನ್ನು ಸಣ್ಣ ಪ್ರಮಾಣದಿಂದ ಶುರುಮಾಡಿ ಕೊಡಬಹುದು. ಆದರೆ ಅದಕ್ಕೂ ಮೊದಲು ನಿಮ್ಮ ನರರೋಗ ತಜ್ಞರಿಗೆ ಒಂದು ಪ್ರಶ್ನೆ ಕೇಳಿ: ‘ಈ ಚಡಪಡಿಕೆ ಗಾರ್ಡಿನಾಲ್‌ನಿಂದಲೇ ಬಂದಿರಬಹುದಾ?’ ಗಾರ್ಡಿನಾಲ್ ಅಂದರೆ ಫಿನೋಬಾರ್ಬಿಟೋನ್. ದೊಡ್ಡವರಿಗೆ ಅದು ಮಂಪರು ತಂದರೆ, ಎಷ್ಟೋ ಮಕ್ಕಳಿಗೆ ಅತಿ ಚಟುವಟಿಕೆ, ಸಿಟ್ಟು, ಗಮನಗೇಡು ತರುತ್ತದೆ. ಫಿಟ್ಸ್‌ಗೇ ಕೊಡುವ ಲೆವೆಟಿರಾಸೆಟಮ್‌ನಿಂದಲೂ ಸಿಡುಕು ಬರುವುದುಂಟು. ಒಂದು ಔಷಧದ ಅಡ್ಡಪರಿಣಾಮಕ್ಕೆ ಇನ್ನೊಂದು ಔಷಧ ಕೊಡುವಂತಾಗಬಾರದು. ಫಿಟ್ಸ್ ಔಷಧ ಬದಲಿಸಿದರೆ ಮಗು ತಾನಾಗಿ ಸರಿಹೋಗಬಹುದು. ಆ ಬದಲಾವಣೆಯನ್ನು ತಜ್ಞರೇ, ನಿಧಾನವಾಗಿ ಮಾಡಬೇಕು. ಗಾರ್ಡಿನಾಲ್ ತಟ್ಟನೆ ನಿಲ್ಲಿಸಿದರೆ ನಿಲ್ಲದ ಫಿಟ್ಸ್ ಬರುವ ಅಪಾಯವಿದೆ.

ಎರಡೂ ಬೇಕೇ ಬೇಕು ಎಂದಾದರೆ, ಮೀಥೈಲ್‌ಫೆನಿಡೇಟ್ ಫಿಟ್ಸ್ ಔಷಧಗಳಾದ ಫಿನೋಬಾರ್ಬಿಟೋನ್ ಮತ್ತು ಫಿನಿಟೊಯಿನ್‌ಗಳ ಮಟ್ಟವನ್ನು ರಕ್ತದಲ್ಲಿ ಏರಿಸಬಹುದು ಎಂಬ ಎಚ್ಚರ ಇರಲಿ. ಮಗು ತೂರಾಡಿ ನಡೆದರೆ, ಕಣ್ಣುಗುಡ್ಡೆ ಅದುರಿದರೆ, ನಾಲಿಗೆ ತೊದಲಿದರೆ ರಕ್ತದ ಮಟ್ಟ ನೋಡಿಸಬೇಕು. ಮತ್ತೊಂದು ಫಿಟ್ಸ್ ಔಷಧ ಕಾರ್ಬಮಜೆಪಿನ್ ಇದಕ್ಕೆ ತಿರುವುಮುರುವು, ಅದು ಮೀಥೈಲ್‌ಫೆನಿಡೇಟ್‌ನ ಬಲವನ್ನು ಕುಗ್ಗಿಸುತ್ತದೆ.

ಪ್ರಶ್ನೆ: ನನ್ನ ತರಗತಿಯ ಒಬ್ಬ ಹುಡುಗ ಮಾತ್ರೆ ಶುರುವಾದ ಮೇಲೆ ಗಲಾಟೆ ಮಾಡುತ್ತಿಲ್ಲ, ಆದರೆ ನಗುವುದೂ ಇಲ್ಲ, ಗೊಂಬೆ ಥರ ಕೂತಿರುತ್ತಾನೆ. ಮನೆಯವರಿಗೆ ಖುಷಿ. – ಶಿಕ್ಷಕಿ, ಗೌರಿಬಿದನೂರು

ಉತ್ತರ: ದಯವಿಟ್ಟು ಮನೆಯವರಿಗೆ ಹೇಳಿ ಮೇಡಂ. ಪ್ರಮಾಣ ಹೆಚ್ಚಾದ ಗುರುತು ಅದು. ಸರಿಯಾದ ಪ್ರಮಾಣದಲ್ಲಿ ಮಗು ಗಮನವಿಟ್ಟು ಕೇಳುತ್ತದೆ, ಗೆಳೆಯರ ಜೊತೆ ನಗುತ್ತದೆ, ಜಗಳವನ್ನೂ ಆಡುತ್ತದೆ. ಪ್ರಮಾಣ ಇಳಿಸಿದರೆ ಈ ಮಂಕು ಒಂದೆರಡು ದಿನದಲ್ಲೇ ಹೋಗಬೇಕು. ಯಾವ ಪಿರಿಯಡ್‌ನಲ್ಲಿ ಹೆಚ್ಚು ಮಂಕು ಎಂದು ಒಂದು ಚೀಟಿಯಲ್ಲಿ ಬರೆದು ಕೊಡಿ. ಡಾಕ್ಟರ ಮುಂದೆ ಹತ್ತು ನಿಮಿಷ ಕೂತ ಮಗುವಿನಲ್ಲಿ ಇದು ಕಾಣುವುದಿಲ್ಲ, ನಿಮಗೆ ಕಾಣುತ್ತದೆ.

ಪ್ರಶ್ನೆ: ಸಿಟ್ಟಿಗೆ ರಿಸ್ಪೆರಿಡೋನ್, ಗಮನಕ್ಕೆ ಇನ್ನೊಂದು ಮಾತ್ರೆ, ಎರಡೂ ನಡೆಯುತ್ತಿವೆ. ರಜೆಯಲ್ಲಿ ಗಮನದ ಮಾತ್ರೆ ನಿಲ್ಲಿಸಿದೆವು. ಮರುದಿನ ಕುತ್ತಿಗೆ ಒಂದು ಕಡೆ ತಿರುಚಿಕೊಂಡು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. – ತಿಪಟೂರು

ಉತ್ತರ: ಇದನ್ನು ಡಿಸ್ಟೋನಿಯ ಅನ್ನುತ್ತಾರೆ, ಸ್ನಾಯುಗಳ ಬಿಗಿಸೆಳೆತ. ರಿಸ್ಪೆರಿಡೋನ್ ಡೋಪಮೈನ್‌ನ ಕೆಲಸ ತಡೆಯುತ್ತದೆ, ಮೀಥೈಲ್‌ಫೆನಿಡೇಟ್ ಡೋಪಮೈನ್ ಹೆಚ್ಚಿಸುತ್ತದೆ. ಒಂದನ್ನು ತಟ್ಟನೆ ತೆಗೆದಾಗ ಇನ್ನೊಂದರ ಕೈ ಮೇಲಾಗುತ್ತದೆ. ನೋಡಲು ಭಯವಾದರೂ ಪ್ರಜ್ಞೆ ಇರುತ್ತದೆ, ಇದು ಫಿಟ್ಸ್ ಅಲ್ಲ. ಹತ್ತಿರದ ಆಸ್ಪತ್ರೆಗೆ ಕೂಡಲೇ ಒಯ್ಯಿರಿ. ಪ್ರೊಮೆಥಜಿನ್‌ನಂಥ ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಗಿತ ಸಡಿಲವಾಗುತ್ತದೆ. ಕುತ್ತಿಗೆ ನೆಟ್ಟಗೆ ಮಾಡಲು ಎಳೆಯಬೇಡಿ, ಬಾಯಿಗೆ ನೀರು ಹಾಕಬೇಡಿ. ಎರಡೂ ಔಷಧ ನಡೆಯುತ್ತಿರುವ ಮಕ್ಕಳಿಗೆ ‘ರಜೆಗೆ ಬಿಡುವುದು’ ಡಾಕ್ಟರನ್ನು ಕೇಳದೆ ಸಲ್ಲದು.

ಪ್ರಶ್ನೆ: ಅಮೆರಿಕದಲ್ಲಿರುವ ಮೈದುನ ತಮ್ಮ ಮಗನ ಮಾತ್ರೆ ತಂದುಕೊಟ್ಟಿದ್ದಾರೆ, ‘ಅಲ್ಲಿಯದು ಇನ್ನೂ ಚೆನ್ನಾಗಿದೆ’ ಅಂತ. ಇಂಜಿನಿಯರಿಂಗ್ ಓದುವ ದೊಡ್ಡ ಮಗನೂ ಪರೀಕ್ಷೆಗೆ ಒಂದು ಕೇಳುತ್ತಿದ್ದಾನೆ. – ಮುಳಬಾಗಿಲು

ಉತ್ತರ: ಇಬ್ಬರಿಗೂ ಕೊಡಬೇಡಿ. ಅಲ್ಲಿ ಹೆಚ್ಚು ಬಳಕೆಯಲ್ಲಿರುವುದು ಆಂಫೆಟಮೈನ್. ಅದು ಡೋಪಮೈನ್ ಮರಳುವುದನ್ನು ತಡೆಯುವುದಲ್ಲದೆ ನರಕೋಶದ ಒಳಗೆ ಹೊಕ್ಕು ಇದ್ದದ್ದನ್ನೂ ಹೊರದಬ್ಬುತ್ತದೆ. ಮಿಲಿಗ್ರಾಂಗೆ ಮಿಲಿಗ್ರಾಂ ಲೆಕ್ಕದಲ್ಲಿ ಮೀಥೈಲ್‌ಫೆನಿಡೇಟ್‌ನ ಸುಮಾರು ಎರಡರಷ್ಟು ಬಲ. 13ರಿಂದ 25 ವರ್ಷದ 2,21,846 ಜನರ ದಾಖಲೆ ನೋಡಿದ 2019ರ ಅಮೆರಿಕದ ಅಧ್ಯಯನದಲ್ಲಿ, ಔಷಧ ಶುರುವಾದ ಮೇಲೆ ಸುಮಾರು 660 ಜನರಲ್ಲಿ ಒಬ್ಬರಿಗೆ ಭ್ರಮೆ, ಸಂಶಯದಂಥ ಸೈಕೋಸಿಸ್ ಕಂಡಿತು. ಮೀಥೈಲ್‌ಫೆನಿಡೇಟ್ ತೆಗೆದುಕೊಂಡವರಲ್ಲಿ ಶೇ. 0.10, ಆಂಫೆಟಮೈನ್ ತೆಗೆದುಕೊಂಡವರಲ್ಲಿ ಶೇ. 0.21. ಇದು ವೈದ್ಯರು ತೂಗಿ ಬರೆದುಕೊಟ್ಟವರ ಲೆಕ್ಕ. ಹಾಸ್ಟೆಲಿನಲ್ಲಿ ರಾತ್ರಿಯಿಡೀ ನಿದ್ದೆಗೆಟ್ಟು, ಮೇಲೊಂದು ಎನರ್ಜಿ ಡ್ರಿಂಕ್ ಕುಡಿದು ನುಂಗುವವರ ಅಪಾಯ ಇದಕ್ಕಿಂತ ಹೆಚ್ಚೇ. ಮನೆತನದಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇದ್ದರೆ, ಚಿಕ್ಕ ವಯಸ್ಸಿನಲ್ಲಿ ಹಠಾತ್ ಹೃದಯಾಘಾತದಿಂದ ಸತ್ತಿದ್ದರೆ ಇನ್ನೂ ಎಚ್ಚರ ಬೇಕು. ಆಂಫೆಟಮೈನ್ ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿದೆ. ಚೀಟಿಯಿಲ್ಲದೆ ಮನೆಯಲ್ಲಿಟ್ಟುಕೊಳ್ಳುವುದೇ ಕಾನೂನಿನ ತೊಡಕು.

ಪ್ರಶ್ನೆ: ನಮ್ಮೂರಲ್ಲಿ ಯಾವ ಮೆಡಿಕಲ್ ಶಾಪ್‌ನಲ್ಲೂ ಈ ಮಾತ್ರೆ ಸಿಗಲ್ಲ. ತುಮಕೂರಿಗೆ ಹೋಗುವಷ್ಟರಲ್ಲಿ ಖಾಲಿಯಾಗಿ ನಾಲ್ಕೈದು ದಿನ ತಪ್ಪುತ್ತದೆ. ಹೀಗೆ ತಟ್ಟನೆ ನಿಂತರೆ ನರಗಳಿಗೆ ಏನಾದರೂ ಆಗುತ್ತಾ? – ಪಾವಗಡ

ಉತ್ತರ: ಮೀಥೈಲ್‌ಫೆನಿಡೇಟ್ ಷೆಡ್ಯೂಲ್ ಎಕ್ಸ್ ಔಷಧ. ಅದನ್ನು ಮಾರಲು ಅಂಗಡಿಗೆ 20ಎಫ್ ಎಂಬ ಪ್ರತ್ಯೇಕ ಪರವಾನಗಿ ಬೇಕು, ಬೀಗ ಹಾಕಿ ಇಡಬೇಕು, ಚೀಟಿಯ ಒಂದು ಪ್ರತಿಯನ್ನು ಎರಡು ವರ್ಷ ಕಾಪಾಡಬೇಕು. ಸಣ್ಣ ಊರಿನ ಅಂಗಡಿಯವರು ಇಷ್ಟು ಜಂಜಾಟಕ್ಕೆ ಹೋಗುವುದಿಲ್ಲ. ಚೀಟಿಯನ್ನು ಎರಡು ಪ್ರತಿಗಳಲ್ಲಿ ಬರೆಸಿಕೊಳ್ಳಿ, ವಾಟ್ಸ್ಆ್ಯಪ್ ಫೋಟೊ ತೋರಿಸಿದರೆ ಕೊಡುವುದಿಲ್ಲ. ಹೊರಡುವ ಮೊದಲು ಅಂಗಡಿಗೆ ಫೋನ್ ಮಾಡಿ ಎಷ್ಟು ಮಿಲಿಗ್ರಾಂನದು ಇದೆ ಎಂದು ಕೇಳಿ. ಹತ್ತು ದಿನದ ಮಾತ್ರೆ ಉಳಿದಿರುವಾಗಲೇ ಮುಂದಿನದಕ್ಕೆ ಓಡಾಡಿ.

ಬರೆದುಕೊಟ್ಟ ಪ್ರಮಾಣದಲ್ಲಿ, ರಿಸ್ಪೆರಿಡೋನ್ ಜೊತೆಗಿಲ್ಲದೆ, ತೆಗೆದುಕೊಳ್ಳುತ್ತಿರುವ ಮಗುವಿಗೆ ನಾಲ್ಕು ದಿನ ತಪ್ಪಿದರೆ ನರಗಳಿಗೆ ಹಾನಿಯಿಲ್ಲ. ಹಳೆಯ ಚಡಪಡಿಕೆ ಅದೇ ದಿನ ಮರಳುತ್ತದೆ, ಹಸಿವು ಹೆಚ್ಚುತ್ತದೆ, ಕೆಲವರಿಗೆ ಒಂದೆರಡು ದಿನ ಸುಸ್ತು, ಬೇಸರ. ಬೇಸರ ಹೆಚ್ಚಾದರೆ ಮಾತ್ರ ಫೋನ್ ಮಾಡಿ. ತಪ್ಪಿದ ಮಾತ್ರೆಗಳನ್ನು ಸೇರಿಸಿ ಎರಡೆರಡು ಕೊಡಬೇಡಿ. ಅಟೊಮಾಕ್ಸೆಟಿನ್ ಕೂಡ ತಟ್ಟನೆ ನಿಂತರೆ ಅಪಾಯವಿಲ್ಲ, ಆದರೆ ಅದರ ಪೂರ್ಣ ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕಾದ್ದರಿಂದ ಪದೇ ಪದೇ ತಪ್ಪಿದರೆ ಕೊಟ್ಟದ್ದೂ ದಂಡವಾಗುತ್ತದೆ. ಕ್ಲೊನಿಡಿನ್ ಮಾತ್ರ ಬೇರೆ. ಅದನ್ನು ತಟ್ಟನೆ ನಿಲ್ಲಿಸಿದರೆ ಬಿಪಿ ದಿಢೀರನೆ ಏರುತ್ತದೆ, ತಲೆನೋವು, ನಡುಕ, ಗಾಬರಿ ಬರುತ್ತದೆ. ನಿಮ್ಮ ಮಗುವಿನ ಚೀಟಿಯಲ್ಲಿ ಆ ಹೆಸರಿದೆಯೇ ಈಗಲೇ ನೋಡಿ. ಇದ್ದರೆ ಅದು ಒಂದು ದಿನವೂ ಖಾಲಿಯಾಗಬಾರದು, ನಿಲ್ಲಿಸುವುದಾದರೂ ಹಂತ ಹಂತವಾಗಿ ಇಳಿಸಬೇಕು. ಡಾಕ್ಟರು ಸಿಗದ ಹೊತ್ತಿನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ದಿನದ 24 ಗಂಟೆಯೂ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ, ಶುಲ್ಕವಿಲ್ಲ. ಕರೆ ಮಾಡುವಾಗ ಮಾತ್ರೆಯ ಪಟ್ಟಿ, ಮಗುವಿನ ತೂಕ, ಕೊನೆಯ ಮಾತ್ರೆ ಕೊಟ್ಟ ಹೊತ್ತು ಕೈಯಲ್ಲಿರಲಿ.